ಕ್ಯಾಡೋ ಲೇಕ್ ಸ್ಟೇಟ್ ಪಾರ್ಕ್: ಅಪ್ಪ-ಅಮ್ಮನ ಜೊತೆ ಎರಡು ರಾತ್ರಿ ಇರಬಹುದಾ?

ಅರಸೀಕೆರೆ ತೆಂಗು
ಎಲ್ಲರಿಗೂ ನಮಸ್ಕಾರ. ನಾವಿರುವುದು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಅಕ್ಟೋಬರ್ ಕೊನೆಗೆ ಅಪ್ಪ-ಅಮ್ಮ ಊರಿಂದ ಬರುತ್ತಿದ್ದಾರೆ. ಹೋದ ಸಲ ಬಂದಾಗ ನ್ಯೂಯಾರ್ಕ್, ವೇಗಸ್ ಅಂತ ಸುತ್ತಿಸಿ ಇಬ್ಬರನ್ನೂ ಸುಸ್ತು ಮಾಡಿಬಿಟ್ಟಿದ್ದೆ. ವಾಪಸ್ ಹೋಗುವಾಗ ಏರ್‌ಪೋರ್ಟಿನಲ್ಲಿ ಅಪ್ಪ ಹೇಳಿದ್ದು ಒಂದೇ ಮಾತು: "ಎಲ್ಲಾ ಚೆನ್ನಾಗಿತ್ತು ಕಣೋ, ಆದ್ರೆ ಒಂದು ಕೆರೆ ತೋರಿಸಲಿಲ್ಲ ನೀನು." ಅವರು ಸಣ್ಣ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಏರಿ, ತೂಬು, ಕೋಡಿ ಬಿಟ್ಟರೆ ಬೇರೆ ಮಾತೇ ಇಲ್ಲ.

ಈ ಸಲ ನವೆಂಬರ್‌ನಲ್ಲಿ ಟೆಕ್ಸಾಸ್-ಲೂಸಿಯಾನಾ ಗಡಿಯ ಕ್ಯಾಡೋ ಲೇಕ್‌ಗೆ ಕರೆದುಕೊಂಡು ಹೋಗೋಣ ಅಂತ. ಫೋಟೋದಲ್ಲಿ ನೀರಿನ ಮಧ್ಯೆ ಮರಗಳು, ಮರಗಳಿಂದ ಮುದುಕರ ಗಡ್ಡದ ಹಾಗೆ ಏನೋ ಇಳಿಬಿದ್ದಿದೆ. ಅಪ್ಪನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಅವರ ಮೊದಲ ಪ್ರಶ್ನೆ: "ಏರಿ ಯಾವ ಕಡೆ ಇದೆ?" ನಾನು ಉತ್ತರ ಕೊಡಲಿಲ್ಲ.

ನಮಗೆ ಕ್ಯಾಂಪಿಂಗ್ ಅಭ್ಯಾಸ ಇಲ್ಲ. ಅಮ್ಮನಿಗೆ ಮಂಡಿ ನೋವು, ನೆಲದ ಮೇಲೆ ಕೂತರೆ ಏಳುವುದು ಕಷ್ಟ. ಮಗನಿಗೆ 6 ವರ್ಷ. ಕಯಾಕ್, ಅಂದರೆ ಹುಟ್ಟು ಹಾಕುವ ಆ ಸಣ್ಣ ದೋಣಿ, ನಾವ್ಯಾರೂ ಮುಟ್ಟಿಲ್ಲ. ಮೊಸಳೆ ಇದೆ ಅಂತ ಬೇರೆ ಕೇಳಿದೆ. ಹೋಗಬಹುದಾ? ಹೋದವರು ಹೇಳಿ.

ಹಳೇ ಟೆಂಟು
ಹೋಗಬಹುದು, ಧಾರಾಳವಾಗಿ. ಆದರೆ ಟೆಂಟ್ ಮರೆತುಬಿಡಿ, ಅಮ್ಮನಿಗೆ ಕ್ಯಾಬಿನ್ ತೆಗೆದುಕೊಳ್ಳಿ. ಆ ಪಾರ್ಕಿನಲ್ಲಿ ಹಳೇ ಕ್ಯಾಬಿನ್‌ಗಳಿವೆ, ಒಳಗೆ ಮಂಚ ಇದೆ. ನಿಮಗೂ ಮಗನಿಗೂ ಆಸೆ ಇದ್ದರೆ ಒಂದು ಕ್ಯಾಂಪ್‌ಸೈಟ್ ಬೇರೆ ಬುಕ್ ಮಾಡಿ ಟೆಂಟ್ ಹಾಕಿಕೊಳ್ಳಿ.

ಬುಕಿಂಗ್ ಐದು ತಿಂಗಳು ಮುಂಚೆಯೇ ತೆರೆಯುತ್ತದೆ. ಈಗ ಜೂನ್. ಅಂದರೆ ನವೆಂಬರ್ ದಿನಗಳು ಈಗಲೇ ಒಂದೊಂದಾಗಿ ಬಿಡುಗಡೆ ಆಗುತ್ತಿರುತ್ತವೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಿ. ಶುಕ್ರವಾರ-ಶನಿವಾರ ಸಿಗುವುದು ಕಷ್ಟ, ಭಾನುವಾರ-ಸೋಮವಾರ ಸುಲಭ. ರಜೆ ಹಾಕಲು ಆಗುತ್ತದೆ ಅಂದರೆ ವಾರದ ಮಧ್ಯೆ ಹೋಗಿ, ಕೆರೆ ಪೂರ್ತಿ ನಿಮ್ಮದೇ.

ವರ್ಷಕ್ಕೆ ಎರಡು ಮೂರು ಸಲ ಟೆಕ್ಸಾಸ್ ಸ್ಟೇಟ್ ಪಾರ್ಕ್‌ಗಳಿಗೆ ಹೋಗುವವರಾದರೆ ವಾರ್ಷಿಕ ಪಾಸ್ ತೆಗೆದುಕೊಳ್ಳಿ. ಪಾಸ್ ಇರುವವರ ಗಾಡಿಯಲ್ಲಿ ಬಂದ ಎಲ್ಲರಿಗೂ ಪ್ರವೇಶ ಆಗಿಬಿಡುತ್ತದೆ. ಅಪ್ಪ-ಅಮ್ಮ, ಅತ್ತೆ-ಮಾವ ಎಲ್ಲರನ್ನೂ ಒಂದೇ ಗಾಡಿಯಲ್ಲಿ ತುಂಬುವ ನಮ್ಮಂಥವರಿಗೆ ಅದು ಹೇಳಿ ಮಾಡಿಸಿದ್ದು. 12 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಹೇಗೂ ಪ್ರವೇಶ ಶುಲ್ಕ ಇಲ್ಲ. ಕ್ಯಾಬಿನ್ ಬಾಡಿಗೆ ಬೇರೆ, ಅದು ಪಾಸ್‌ನಲ್ಲಿ ಬರುವುದಿಲ್ಲ.

ನವೆಂಬರ್ ಒಳ್ಳೇ ಆಯ್ಕೆ. ಆ ಮರಗಳ ಹೆಸರು ಬಾಲ್ಡ್ ಸೈಪ್ರಸ್, ಅಂದರೆ ಬೋಳು ಸೈಪ್ರಸ್. ಸೈಪ್ರಸ್ ಜಾತಿ ಸಾಮಾನ್ಯವಾಗಿ ವರ್ಷವಿಡೀ ಹಸಿರು. ಇದು ಮಾತ್ರ ಚಳಿಗಾಲಕ್ಕೆ ಎಲೆ ಉದುರಿಸಿ ಬೋಳಾಗುತ್ತದೆ. ಉದುರುವ ಮುಂಚೆ ತುಕ್ಕು ಹಿಡಿದ ಕಬ್ಬಿಣದ ಬಣ್ಣಕ್ಕೆ ತಿರುಗುತ್ತದೆ. ಇಡೀ ಕೆರೆ ಆ ಬಣ್ಣ. ಬೇಸಿಗೆಯಲ್ಲಿ ಹೋದರೆ ಸೊಳ್ಳೆಗಳಿಗೆ ಊಟ ಆಗುತ್ತೀರಿ, ಅಷ್ಟೇ.

ಮದ್ದೂರು ವಡೆ
ನಂಗೊಂದು ಅರ್ಥ ಆಗಲ್ಲ. ನಮ್ಮಪ್ಪ ಗದ್ದೆ ಕಾಯೋಕೆ ಗುಡಿಸಲಲ್ಲಿ ಮಲಗಿ ಮಲಗಿ, ಮಗ ಓದಿ ಹಾಸಿಗೆ ಮೇಲೆ ಮಲಗಲಿ ಅಂತ ಇಲ್ಲಿಗೆ ಕಳಿಸಿದರು. ಈಗ ನಾವು ದುಡ್ಡು ಕೊಟ್ಟು, ಐದು ತಿಂಗಳು ಮುಂಚೆ ಬುಕ್ ಮಾಡಿ, ಕಾಡಿನಲ್ಲಿ ನೆಲದ ಮೇಲೆ ಮಲಗಬೇಕಾ? ಕೆರೆ ನೋಡಬೇಕು ಅಂದರೆ ಮದ್ದೂರು ಕೆರೆ ಇಲ್ವಾ?

ಮಲ್ಲಿಗೆ ಮೊಗ್ಗು
@ಮದ್ದೂರು ವಡೆ, ಅಣ್ಣಾ, ಹೋದ ವರ್ಷ ನಾನು ಇದೇ ಮಾತು ನಮ್ಮ ಯಜಮಾನರಿಗೆ ಹೇಳಿದ್ದೆ. ಈಗ ಗ್ಯಾರೇಜಿನಲ್ಲಿ ಮೂರು ಟೆಂಟ್ ಇವೆ, ಮೂರೂ ನಾನೇ ತೆಗೆದುಕೊಂಡಿದ್ದು.

ನಾವು ಹ್ಯೂಸ್ಟನ್‌ನಿಂದ ಹೋಗಿದ್ದೆವು, ಸುಮಾರು ನಾಲ್ಕು ಗಂಟೆ ದಾರಿ. ತೆಂಗು ಅವರೇ, ಅಡುಗೆ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಪುಳಿಯೋಗರೆ ಗೊಜ್ಜು ಮನೆಯಲ್ಲೇ ಮಾಡಿಕೊಂಡು ಹೋಗಿ. ಚಪಾತಿ ಮೊದಲ ದಿನಕ್ಕೆ. ಎರಡನೇ ದಿನ ಪ್ರೊಪೇನ್ ಸ್ಟವ್ ಮೇಲೆ ಅನ್ನ. ಆದರೆ ದಯವಿಟ್ಟು ಕುಕ್ಕರ್ ತೆಗೆದುಕೊಂಡು ಹೋಗಬೇಡಿ. ನಾನು ಹೋಗಿದ್ದೆ. ಸಂಜೆ ಏಳಕ್ಕೆ ಮೊದಲ ವಿಷಲ್ ಹೊಡೆಯಿತು ನೋಡಿ, ಪಕ್ಕದ ಸೈಟಿನ ಅಜ್ಜ ಕುರ್ಚಿಯಿಂದ ಎದ್ದು ನಿಂತ. ಅವರ ನಾಯಿ ಎರಡನೇ ವಿಷಲ್‌ಗೆ ಉತ್ತರ ಕೊಡಲು ಶುರು ಮಾಡಿತು. ಮೂರನೇ ವಿಷಲ್‌ಗೆ ನಾನೇ ಸ್ಟವ್ ಆರಿಸಿದೆ. ಅನ್ನ ಗಂಜಿ ಆಗಿತ್ತು, ಹೋಗಲಿ ಬಿಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಹಾಗಿಲ್ಲ ಅನ್ನುವುದು ನಿಯಮ. ಏಳು ಗಂಟೆಗೆ ತಪ್ಪೇನಿಲ್ಲ, ಆದರೂ ಮರ್ಯಾದೆ ಅಂತ ಒಂದಿದೆಯಲ್ಲ.

ಇನ್ನೊಂದು, ತಿಂಡಿ ಹೊರಗೆ ಬಿಡಬೇಡಿ. ರಕೂನ್‌ಗಳು ಕೈಗಳಿರುವ ಬೆಕ್ಕಿನ ಹಾಗೆ. ನಾವು ಚಕ್ಕುಲಿ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಮಲಗಿದ್ದೆವು. ಅಮ್ಮ ಊರಿಂದ ಕಳಿಸಿದ್ದು, ಬೆಣ್ಣೆ ಹಾಕಿ ಮಾಡಿದ್ದು. ಬೆಳಿಗ್ಗೆ ಡಬ್ಬಿ ಇತ್ತು, ಮುಚ್ಚಳ ಬೇರೆ ಇತ್ತು, ತಳದಲ್ಲಿ ಒಂದೇ ಒಂದು ಸುತ್ತು ಮುರಿದ ಚಕ್ಕುಲಿ ಉಳಿಸಿತ್ತು. ಗಾಡಿಯೊಳಗೆ ಇಟ್ಟು ಲಾಕ್ ಮಾಡಿ.

ಸೌದೆಯನ್ನು ಪಾರ್ಕಿನೊಳಗೆ ಆರಿಸಿಕೊಳ್ಳುವ ಹಾಗಿಲ್ಲ. ಬಿದ್ದ ಕೊಂಬೆಯನ್ನೂ ಮುಟ್ಟಬಾರದು. ಅಲ್ಲೇ ಹತ್ತಿರ ಕೊಂಡುಕೊಳ್ಳಿ. ಮನೆಯಿಂದ ತಂದರೆ ಅದರೊಳಗಿನ ಹುಳ ಹೊಸ ಕಾಡಿಗೆ ಸೇರಿಕೊಳ್ಳುತ್ತದೆ. ಬೆಂಕಿ ನಿಷೇಧ ಇದೆಯಾ ಅಂತಲೂ ಹೋಗುವ ದಿನ ನೋಡಿಕೊಳ್ಳಿ.

ಅರಸೀಕೆರೆ ತೆಂಗು
ಅಕ್ಕಾ, ಕುಕ್ಕರ್ ಪಟ್ಟಿಯಿಂದ ತೆಗೆದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಸಾಗರದ ದೋಣಿ
ಕಯಾಕ್ ಬಗ್ಗೆ ನಾನು ಬರೆಯುತ್ತೇನೆ. ಹುಟ್ಟಿದ್ದು ಶರಾವತಿ ಹಿನ್ನೀರಿನ ಪಕ್ಕ, ಹಾಗಾಗಿ ನೀರೆಂದರೆ ಭಯ ಇಲ್ಲ ಅಂದುಕೊಂಡಿದ್ದೆ. ಕ್ಯಾಡೋ ನನಗೆ ಪಾಠ ಕಲಿಸಿತು.

ಲಿಂಗನಮಕ್ಕಿ ಹಿನ್ನೀರಿನಲ್ಲಿ ನೀರು ಇಳಿದಾಗ ಹಳೇ ಕಾಡಿನ ಬೊಡ್ಡೆಗಳು ಮೇಲೆ ಬರುತ್ತವೆ. ಅವೆಲ್ಲ ಸತ್ತ ಮರಗಳು. ಕ್ಯಾಡೋದಲ್ಲಿ ನೀರೊಳಗೆ ನಿಂತಿರುವುದು ಜೀವಂತ ಕಾಡು. ಬುಡ ಗಂಟೆಯ ಹಾಗೆ ದಪ್ಪ, ಸುತ್ತ ನೀರಿನಿಂದ ಮೇಲೆದ್ದ ಮೊಳಕಾಲುದ್ದದ ಗೂಟಗಳು. ಅವಕ್ಕೆ ಅಲ್ಲಿಯವರು ಮಂಡಿ ಅನ್ನುತ್ತಾರೆ. ಸುಂದರ, ಒಪ್ಪಿದೆ. ಆದರೆ ಒಳಗೆ ಹೋದ ಮೇಲೆ ಯಾವ ಕಡೆ ನೋಡಿದರೂ ಅದೇ ಮರ, ಅದೇ ಗಡ್ಡ, ಅದೇ ನೀರು. ದಡ ಕಾಣುವುದಿಲ್ಲ. ದಿಕ್ಕು ಹೇಳಲು ಒಂದು ಗುಡ್ಡವೂ ಇಲ್ಲ.

ನಾನು ಒಂದು ಅಂಗಡಿಯಿಂದ ಕಯಾಕ್ ಬಾಡಿಗೆಗೆ ತೆಗೆದುಕೊಂಡೆ. ನಕ್ಷೆ ಕೊಡಲಿಲ್ಲ, ನಾನೂ ಕೇಳಲಿಲ್ಲ. "ನಂಬರ್ ನೋಡ್ಕೊಂಡು ಹೋಗು" ಅಂದರು. ಯಾವ ನಂಬರ್ ಅಂತ ಆಗ ಗೊತ್ತಾಗಲಿಲ್ಲ. ಆಮೇಲೆ ತಿಳಿಯಿತು. ಕೆರೆಯೊಳಗೆ ದೋಣಿ ದಾರಿಗಳಿವೆ, ನಮ್ಮ ರಸ್ತೆಗಳ ಹಾಗೆಯೇ. ಅಲ್ಲಲ್ಲಿ ನಂಬರ್ ಹಾಕಿದ ಬೋರ್ಡ್ ಹೊಡೆದಿದ್ದಾರೆ. ನಾನು ಒಂದು ಬಕ ಪಕ್ಷಿಯ ಫೋಟೋ ತೆಗೆಯಲು ದಾರಿ ಬಿಟ್ಟು ಎಡಕ್ಕೆ ಹೋದೆ. ಹತ್ತು ನಿಮಿಷ, ಅಷ್ಟೇ. ವಾಪಸ್ ತಿರುಗಿದರೆ ಬೋರ್ಡ್ ಇಲ್ಲ. ಫೋನಿನಲ್ಲಿ ಸಿಗ್ನಲ್ ಇಲ್ಲ. ಒಂದೂವರೆ ಗಂಟೆ ಸುತ್ತಿದೆ. ಒಂದು ಮರದ ಮಂಡಿಯ ಮೇಲೆ ಯಾರೋ ನೀಲಿ ಹಗ್ಗ ಕಟ್ಟಿದ್ದರು. ಅದನ್ನು ಮೂರನೇ ಸಲ ನೋಡಿದಾಗ ಗಂಟಲು ಒಣಗಿತು. ಕೊನೆಗೆ ಮೋಟರ್ ಬೋಟಿನ ಸದ್ದು ಕೇಳಿ ಆ ಕಡೆ ಹುಟ್ಟು ಹಾಕಿದೆ. ಒಬ್ಬ ಮೀನು ಹಿಡಿಯುವವನು ನನ್ನನ್ನು ನೋಡಿ ಏನೂ ಕೇಳಲಿಲ್ಲ. ಸುಮ್ನೆ ಕೈ ತೋರಿಸಿದ. ದಾರಿ ಐವತ್ತು ಅಡಿ ಆಚೆ ಇತ್ತು.

ಹಾಗಾಗಿ ಹೊಸಬರು ದೊಡ್ಡ ಕೆರೆಗೆ ನೇರ ಹೋಗಬೇಡಿ. ಪಾರ್ಕಿನೊಳಗೆ ಸಾ ಮಿಲ್ ಪಾಂಡ್ ಅಂತ ಒಂದು ಕೊಳ ಇದೆ. ಅದೇ ಸೈಪ್ರಸ್, ಅದೇ ಗಡ್ಡ, ಆದರೆ ದಡ ಹತ್ತಿರ. ಅಲ್ಲಿ ಕನೂ, ಅಂದರೆ ಮೇಲೆ ತೆರೆದಿರುವ ಉದ್ದನೆಯ ದೋಣಿ, ಬಾಡಿಗೆಗೆ ಸಿಗುತ್ತದೆ. ಕಯಾಕ್‌ಗಿಂತ ಕನೂ ನಿಮಗೆ ಸರಿ. ಮಗನನ್ನು ಮಧ್ಯೆ ಕೂರಿಸಿ. ಲೈಫ್ ಜಾಕೆಟ್ ಎಲ್ಲರಿಗೂ ದೋಣಿಯಲ್ಲಿ ಇರಲೇಬೇಕು. 13 ವರ್ಷಕ್ಕಿಂತ ಚಿಕ್ಕವರು ಹಾಕಿಕೊಂಡೇ ಇರಬೇಕು, ಟೆಕ್ಸಾಸ್ ಕಾನೂನು. ಕೈ ಪಳಗಿದ ಮೇಲೆ ಬೇಕಾದರೆ ಗುರುತು ಮಾಡಿದ ಪ್ಯಾಡ್ಲಿಂಗ್ ಟ್ರೇಲ್‌ಗಳಿವೆ. ಎಲ್ಲಾ ಸೇರಿ 50 ಮೈಲಿಗಿಂತ ಜಾಸ್ತಿ.

ಮೊಸಳೆ ಅಂದರೆ ಅಲಿಗೇಟರ್ ಇವೆ. ನವೆಂಬರ್ ಚಳಿಗೆ ಅವು ಮಂಕಾಗಿರುತ್ತವೆ. ಕಂಡರೆ ದೂರ ಇರಿ, ತಿನ್ನಲು ಏನೂ ಎಸೆಯಬೇಡಿ, ಮಗ ದಡದಲ್ಲಿ ಒಬ್ಬನೇ ಆಡದಂತೆ ನೋಡಿಕೊಳ್ಳಿ.

ಹಳೇ ಟೆಂಟು
ಅಪ್ಪ-ಅಮ್ಮನಿಗೆ ಕನೂ ಬೇಡ ಅನಿಸಿದರೆ ಪಕ್ಕದ ಊರಿನಿಂದ ಚಪ್ಪಟೆ ತಳದ ದೊಡ್ಡ ಬೋಟಿನಲ್ಲಿ ಸುತ್ತಿಸಿ ತೋರಿಸುವವರಿದ್ದಾರೆ. ಕುರ್ಚಿಯಲ್ಲಿ ಕೂತು ಹೋಗಬಹುದು. ಆ ಊರಿನ ಹೆಸರು ಅನ್‌ಸರ್ಟನ್! ನಿಜವಾಗಿಯೂ. ಕನ್ನಡದಲ್ಲಿ "ಖಾತ್ರಿ ಇಲ್ಲ" ಅಂತ ಊರಿಗೆ ಹೆಸರಿಟ್ಟ ಹಾಗೆ. ಜಿಪಿಎಸ್‌ನಲ್ಲಿ ಹಾಕಿದಾಗ ನನ್ನ ಹೆಂಡತಿ "ಹೋಗ್ತಿರೋದು ಎಲ್ಲಿಗೆ ಅಂತ ಅದಕ್ಕೂ ಗೊತ್ತಿಲ್ವಂತೆ" ಅಂದಳು.

ಪಾರ್ಕ್ ಇರುವ ಊರು ಕಾರ್ನಾಕ್. ರಾತ್ರಿ ಹೊತ್ತು ಬೋರ್ಡ್ ನೋಡಿದರೆ ಕರ್ನಾಟಕ ಅಂತ ಬರೆಯಲು ಹೋಗಿ ಬಣ್ಣ ಮುಗಿದ ಹಾಗೆ ಕಾಣುತ್ತದೆ. ಹೆಸರು ಬಂದಿರುವುದು ಮಾತ್ರ ಈಜಿಪ್ಟಿನ ಕಾರ್ನಾಕ್‌ನಿಂದ.

ಶ್ರೀವ್‌ಪೋರ್ಟ್ ಮೇಷ್ಟ್ರು
ತೆಂಗು ಅವರ ತಂದೆಯ ಪ್ರಶ್ನೆಗೆ ಇಷ್ಟು ಹೊತ್ತಾದರೂ ಯಾರೂ ಉತ್ತರ ಕೊಟ್ಟಿಲ್ಲವಲ್ಲ! ಇಡೀ ಚರ್ಚೆಯಲ್ಲಿ ಅದೇ ಸರಿಯಾದ ಪ್ರಶ್ನೆ. ನಾನಿರುವುದು ಆ ಕೆರೆಯ ಲೂಸಿಯಾನಾ ಬದಿಯ ಊರಿನಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಕ್ಯಾಡೋ ಕೆರೆಗೆ ಮೊದಲು ಇದ್ದ ಏರಿಯನ್ನು ಯಾರೂ ಕಟ್ಟಿದ್ದಲ್ಲ. ಇಲ್ಲಿ ರೆಡ್ ರಿವರ್ ಅಂತ ನದಿ ಇದೆ. ದಡ ಕುಸಿದು ಮರಗಳು ನೀರಿಗೆ ಬೀಳುತ್ತವೆ, ತೇಲಿ ಬಂದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಗಿಡ. ನೂರಾರು ವರ್ಷ ಹೀಗೇ ನಡೆದು ನದಿಯಲ್ಲಿ ನೂರು ಮೈಲಿಗೂ ಜಾಸ್ತಿ ಉದ್ದದ ದಿಮ್ಮಿಗಳ ರಾಶಿ ಆಯಿತು. ಅದನ್ನು ಗ್ರೇಟ್ ರಾಫ್ಟ್ ಅನ್ನುತ್ತಾರೆ. ನದಿ ಕಟ್ಟಿಕೊಂಡಿತು. ನೀರು ಹಿಂದಕ್ಕೆ ಸರಿದು ಪಕ್ಕದ ತಗ್ಗುಗಳಲ್ಲಿ ತುಂಬಿತು. ಹಾಗೆ ತುಂಬಿದ ತಗ್ಗುಗಳಲ್ಲಿ ಒಂದು ಈ ಕೆರೆ. 1811-12ರ ದೊಡ್ಡ ಭೂಕಂಪದಲ್ಲಿ ನೆಲ ಕುಸಿದು ಕೆರೆಯಾಯಿತು ಅಂತ ಒಂದು ಕತೆಯೂ ಇದೆ. ಬೋಟಿನವರು ಅದನ್ನೇ ಹೇಳುತ್ತಾರೆ, ಕೇಳಲು ಚೆನ್ನಾಗಿದೆ. ಭೂವಿಜ್ಞಾನಿಗಳು ಒಪ್ಪುವುದು ದಿಮ್ಮಿಗಳ ಏರಿಯನ್ನು.

ಈ ಏರಿಯಿಂದ ಒಂದು ಊರು ಬೆಳೆಯಿತು. ಕೆರೆ ತುಂಬಿದ್ದರಿಂದ ಉಗಿ ಹಡಗುಗಳು ನದಿಯಿಂದ ಕೆರೆ ಹಾದು, ಬಿಗ್ ಸೈಪ್ರಸ್ ಬಯೂ (ನಿಧಾನಕ್ಕೆ ಹರಿಯುವ ಹೊಳೆ) ಹಿಡಿದು ಜೆಫರ್ಸನ್ ಎಂಬ ಊರಿಗೆ ಬರುತ್ತಿದ್ದವು. ಸಮುದ್ರದಿಂದ ಅಷ್ಟು ದೂರ ಇದ್ದರೂ ಅದು ಟೆಕ್ಸಾಸ್‌ನ ದೊಡ್ಡ ಬಂದರುಗಳಲ್ಲಿ ಒಂದಾಯಿತು. ಹತ್ತಿ ಹೋಗುತ್ತಿತ್ತು, ಸಾಮಾನು ಬರುತ್ತಿತ್ತು. ಪಾರ್ಕಿನಿಂದ ಜೆಫರ್ಸನ್‌ಗೆ ಅರ್ಧ ಗಂಟೆಯೂ ಬೇಡ, ನೋಡಿಕೊಂಡು ಬನ್ನಿ. ಹಳೇ ಇಟ್ಟಿಗೆ ಕಟ್ಟಡಗಳು ಇನ್ನೂ ಇವೆ.

ಆದರೆ ಆ ದಿಮ್ಮಿ ರಾಶಿ ರೆಡ್ ರಿವರ್‌ನ ಸಂಚಾರಕ್ಕೆ ಅಡ್ಡ. ಕ್ಯಾಪ್ಟನ್ ಹೆನ್ರಿ ಶ್ರೀವ್ 1833ರಲ್ಲಿ ತೆಗೆಯಲು ಶುರು ಮಾಡಿ 1838ರ ಹೊತ್ತಿಗೆ ದಾರಿ ಮಾಡಿದ. ನಮ್ಮ ಊರಿಗೆ ಅವನದೇ ಹೆಸರು. ನದಿ ಸುಮ್ಮನಿರಲಿಲ್ಲ, ಮತ್ತೆ ಕಟ್ಟಿಕೊಂಡಿತು. ಕೊನೆಗೆ ಸೇನೆಯ ಇಂಜಿನಿಯರ್ ಯೂಜೀನ್ ವುಡ್ರಫ್ ನೈಟ್ರೋಗ್ಲಿಸರಿನ್ ಇಟ್ಟು ಸಿಡಿಸಿ ತೆಗೆಯತೊಡಗಿದರು. 1873ರಲ್ಲಿ ಶ್ರೀವ್‌ಪೋರ್ಟಿನಲ್ಲಿ ಹಳದಿ ಜ್ವರ ಬಂತು. ವುಡ್ರಫ್ ಅದರಲ್ಲೇ ತೀರಿಕೊಂಡರು. ಅವರ ತಮ್ಮ ಜಾರ್ಜ್ ಕೆಲಸ ಮುಗಿಸಿದರು. ಏರಿ ಒಡೆದ ಮೇಲೆ ಏನಾಗುತ್ತದೆ ಅಂತ ನಿಮ್ಮ ತಂದೆಗೆ ಹೇಳಬೇಕಾಗಿಲ್ಲ. ಕೆರೆ ಇಳಿಯಿತು. ಜೆಫರ್ಸನ್‌ಗೆ ಹಡಗು ಬರುವುದು ಕಡಿಮೆಯಾಯಿತು, ರೈಲು ಬೇರೆ ಕಡೆಯಿಂದ ಹೋಯಿತು, ಊರು ಸೊರಗಿತು.

ಈಗ ಇರುವ ನೀರು ನಿಂತಿರುವುದು ಮನುಷ್ಯರು ಕಟ್ಟಿದ್ದರಿಂದ. ಲೂಸಿಯಾನಾ ಬದಿಯಲ್ಲಿ ಮೂರಿಂಗ್ಸ್‌ಪೋರ್ಟ್ ಹತ್ತಿರ 1914ರಲ್ಲಿ ಅಣೆಕಟ್ಟು ಕಟ್ಟಿದರು, 1971ರಲ್ಲಿ ಅದರ ಬದಲು ಹೊಸದು ಬಂತು. ನಿಮ್ಮ ತಂದೆಗೆ ಹೇಳಿ, ಏರಿ ಪೂರ್ವಕ್ಕಿದೆ, ಬೇರೆ ರಾಜ್ಯದಲ್ಲಿ.

ಇನ್ನೊಂದು ಮಾತು. ಕೆರೆಗೆ ಯಾರ ಹೆಸರು ಇದೆಯೋ ಆ ಕ್ಯಾಡೋ ಜನ ಈಗ ಇಲ್ಲಿಲ್ಲ. ನೂರಾರು ವರ್ಷ ಇಲ್ಲಿ ಬದುಕಿದವರನ್ನು 19ನೇ ಶತಮಾನದಲ್ಲಿ ಒಪ್ಪಂದ, ಒತ್ತಾಯ ಎಲ್ಲಾ ಸೇರಿ ಹೊರಹಾಕಿದರು. ಅವರ ಕೇಂದ್ರ ಈಗ ಓಕ್ಲಹೋಮಾದ ಬಿಂಗರ್‌ನಲ್ಲಿದೆ. ಟೆಕ್ಸಾಸ್ ಅನ್ನುವ ಪದವೇ ಅವರ ಭಾಷೆಯದು, ಗೆಳೆಯ ಅಂತ ಅರ್ಥ.

ಮದ್ದೂರು ವಡೆ
ಮೇಷ್ಟ್ರೇ, ಇದು ಚೆನ್ನಾಗಿದೆ. ಗೆಳೆಯ ಅಂದವನನ್ನೇ ಓಡಿಸಿ ಹೆಸರು ಮಾತ್ರ ಇಟ್ಟುಕೊಂಡರು ಅನ್ನಿ. ಇನ್ನೇನಿದೆ ಅಲ್ಲಿ?

ಶ್ರೀವ್‌ಪೋರ್ಟ್ ಮೇಷ್ಟ್ರು
ಕೇಳಿದ್ದೀರಿ, ಇನ್ನೆರಡು ಹೇಳುತ್ತೇನೆ. 1869ರ ಫೆಬ್ರವರಿಯಲ್ಲಿ ಮಿಟ್ಟಿ ಸ್ಟೀಫನ್ಸ್ ಅನ್ನುವ ಉಗಿ ಹಡಗು ರಾತ್ರಿ ಹೊತ್ತು ಜೆಫರ್ಸನ್ ಕಡೆ ಹೊರಟಿತ್ತು. ಅದರಲ್ಲಿ ಒಣಹುಲ್ಲಿನ ಹೊರೆಗಳಿದ್ದವು. ದಾರಿ ಕಾಣಲು ಉರಿಸಿಟ್ಟ ಬೆಂಕಿ ಬುಟ್ಟಿಯಿಂದ ಕಿಡಿ ಹಾರಿ ಹುಲ್ಲಿಗೆ ತಗುಲಿತು. ದಡ ಅಷ್ಟೇನೂ ದೂರ ಇರಲಿಲ್ಲ. ಆದರೂ ಸುಮಾರು 60 ಜನ ಸತ್ತರು. ನೀರಿಗೆ ಹಾರಿದವರಲ್ಲಿ ಹಲವರನ್ನು ತಿರುಗುತ್ತಲೇ ಇದ್ದ ಹಡಗಿನ ಚಕ್ರ ಎಳೆದುಕೊಂಡಿತು ಅಂತ ಹೇಳುತ್ತಾರೆ.

ಇನ್ನೊಂದು ಹತ್ತಿರದ ಕಾಲದ್ದು. ಪಾರ್ಕಿನ ಪಕ್ಕದಲ್ಲೇ ಈಗ ವನ್ಯಜೀವಿ ಧಾಮ ಇರುವ ಜಾಗ ಮುಂಚೆ ಸೇನೆಯ ಮದ್ದುಗುಂಡಿನ ಕಾರ್ಖಾನೆ. ಎರಡನೇ ಮಹಾಯುದ್ಧಕ್ಕೆ ಟಿಎನ್‌ಟಿ ಸಿಡಿಮದ್ದು ಮಾಡುತ್ತಿದ್ದರು. 1988ರಲ್ಲಿ ಅಮೆರಿಕ-ಸೋವಿಯತ್ ಒಪ್ಪಂದದ ಪ್ರಕಾರ ಪರ್ಷಿಂಗ್ ಕ್ಷಿಪಣಿಗಳ ಮೋಟರ್‌ಗಳನ್ನು ಇಲ್ಲೇ, ಸೋವಿಯತ್ ತಪಾಸಣೆಗಾರರ ಎದುರಿಗೇ, ಉರಿಸಿ ನಾಶ ಮಾಡಿದರು. ಆ ಕಾರ್ನಾಕ್‌ನಲ್ಲಿ, ರಷ್ಯನ್ನರು! ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್ 1912ರಲ್ಲಿ ಹುಟ್ಟಿದ್ದೂ ಅದೇ ಊರಿನಲ್ಲಿ.

ಮಲ್ಲಿಗೆ ಮೊಗ್ಗು
ಕ್ಯಾಬಿನ್ ಬಗ್ಗೆಯೂ ಒಂದು ಇತಿಹಾಸ ಇದೆ, ರೇಂಜರ್ ನಮಗೆ ಹೇಳಿದ್ದು. 1930ರ ದಶಕದಲ್ಲಿ ಕೆಲಸ ಸಿಗದ ಕಾಲ. ಆಗ ಸರ್ಕಾರ ಸಿಸಿಸಿ (ಸಿವಿಲಿಯನ್ ಕನ್ಸರ್ವೇಶನ್ ಕೋರ್) ಅಂತ ಒಂದು ಯೋಜನೆ ಮಾಡಿ 18ರಿಂದ 25ರ ಹುಡುಗರನ್ನು ಕಾಡು, ಪಾರ್ಕ್ ಕೆಲಸಕ್ಕೆ ಸೇರಿಸಿಕೊಂಡಿತು. ಈ ಪಾರ್ಕಿನ ಕ್ಯಾಬಿನ್‌ಗಳು, ಸಭಾಂಗಣ ಅವರು 1933ರಿಂದ 37ರ ನಡುವೆ ಮಾಡಿದ್ದು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರ ಮನೆಗೆ ಹೋಗುತ್ತಿತ್ತು, ಕೈಗೆ 5. ನಮ್ಮ ಯಜಮಾನರು ಆ ಗೋಡೆಯ ದಿಮ್ಮಿ ಸವರುತ್ತಾ "ನಾನೂ ಬಂದ ಮೊದಲ ವರ್ಷ ಇದೇ ಲೆಕ್ಕ" ಅಂದರು. ಎಜುಕೇಶನ್ ಲೋನ್ ನೆನಪಾಗಿತ್ತು ಅವರಿಗೆ.

ಅರಸೀಕೆರೆ ತೆಂಗು
ಕ್ಯಾಬಿನ್ ಸಿಕ್ಕಿತು! ನವೆಂಬರ್ ಎರಡನೇ ವಾರ, ಭಾನುವಾರ-ಸೋಮವಾರ. ಮೇಷ್ಟ್ರ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. "ಮರದ ಬೊಡ್ಡೆ ತೂಬಿಗೆ ಸಿಕ್ಕಿಕೊಳ್ಳೋದು ನೋಡಿದ್ದೀನಿ, ನೂರು ಮೈಲಿ ಅಂದ್ರೆ ಹೆಂಗೆ?" ಅಂತ ಎರಡು ಸಲ ಕೇಳಿದರು. ಆಮೇಲೆ ಅವರೇ ಯೂಟ್ಯೂಬ್‌ನಲ್ಲಿ ಹುಡುಕುತ್ತಾ ಇನ್ನೊಂದು ಪ್ರಶ್ನೆ ತೆಗೆದರು. "ಆ ಕೆರೆ ಮೇಲೆ ಹಸಿರು ಚಾಪೆ ಥರ ಏನೋ ಹಬ್ಬಿದೆ, ನಮ್ಮ ಅಂತರಗಂಗೆಯಾ?" ಅಂತ. ಯಾರಿಗಾದರೂ ಗೊತ್ತಾ?

ಜಿಕೆವಿಕೆ ಹಳಬ
ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ, ಈಗ ನನ್ನ ವಿಷಯ ಬಂತು. ಅದು ಅಂತರಗಂಗೆ ಅಲ್ಲ. ಜೈಂಟ್ ಸಾಲ್ವೀನಿಯ. ಮೂಲ ಬ್ರೆಜಿಲ್. ನೀರಿನ ಮೇಲೆ ತೇಲುವ ಜರಿಗಿಡದ ಜಾತಿ. ಕೇರಳದವರಿಗೆ ಆಫ್ರಿಕನ್ ಪಾಯಲ್ ಅಂದರೆ ಥಟ್ಟನೆ ಗೊತ್ತಾಗುತ್ತದೆ, ಗದ್ದೆ-ಕಾಲುವೆಗಳನ್ನು ಮುಚ್ಚಿಹಾಕಿತ್ತು. ಬಿಸಿಲು ಚೆನ್ನಾಗಿದ್ದರೆ ಒಂದು ವಾರದೊಳಗೆ ಎರಡರಷ್ಟು ಆಗುತ್ತದೆ. ಕ್ಯಾಡೋದಲ್ಲಿ ಮೊದಲು ಕಂಡದ್ದು 2006ರಲ್ಲಿ. ನೀರಿಗೆ ಬೆಳಕು ಹೋಗುವುದಿಲ್ಲ, ಗಾಳಿ ಸೇರುವುದಿಲ್ಲ, ಕೆಳಗಿನ ಮೀನು-ಗಿಡ ಸಾಯುತ್ತವೆ.

ಇದಕ್ಕೆ ಮದ್ದು ಒಂದು ಮೂತಿ ಹುಳು. ಎಳ್ಳು ಕಾಳಿನಷ್ಟು. ಸಾಲ್ವೀನಿಯ ಬಿಟ್ಟು ಬೇರೇನೂ ತಿನ್ನುವುದಿಲ್ಲ. ತೆಂಗು ಅವರಿಗೆ ಮೂತಿ ಹುಳು ಅಂದರೆ ಸಿಟ್ಟು ಬರಬಹುದು, ಅರಸೀಕೆರೆ ಕಡೆ ಕೆಂಪು ಮೂತಿ ಹುಳು ತೆಂಗಿನ ಸುಳಿಯನ್ನೇ ತಿಂದು ಹಾಕುತ್ತದೆ. ಇದು ಅದರ ಒಳ್ಳೇ ತಮ್ಮ ಅಂದುಕೊಳ್ಳಿ. ಕ್ಯಾಡೋ ಹತ್ತಿರ ಹಸಿರುಮನೆಯಲ್ಲಿ ಈ ಹುಳು ಸಾಕಿ ಕೆರೆಗೆ ಬಿಡುತ್ತಾರೆ. ತೊಂದರೆ ಏನೆಂದರೆ ಟೆಕ್ಸಾಸ್‌ನಲ್ಲಿ ಜೋರು ಚಳಿ ಬಿದ್ದ ವರ್ಷ ಹುಳು ಸಾಯುತ್ತದೆ, ಅಲ್ಲಲ್ಲಿ ಕಳೆ ಉಳಿದುಕೊಳ್ಳುತ್ತದೆ. ಮತ್ತೆ ಮೊದಲಿಂದ.

ನಾನು ಬರೆಯಲು ಕಾರಣ ಇದಲ್ಲ. ಇದೇ ಹುಳುವನ್ನು ಆಸ್ಟ್ರೇಲಿಯಾದಿಂದ ಭಾರತಕ್ಕೆ ತರಿಸಿ ಮೊದಲು ಬಿಟ್ಟದ್ದು ಎಲ್ಲಿ ಗೊತ್ತಾ? ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ. 1983-84ರಲ್ಲಿ. ಹನ್ನೊಂದು ತಿಂಗಳಲ್ಲಿ ಕಳೆ ಕುಸಿದು, ಅದರಡಿ ಸಿಕ್ಕಿ ಸೊರಗಿದ್ದ ನೈದಿಲೆ ಮತ್ತೆ ಚಿಗುರಿತು. ಆಮೇಲೆ ಕೇರಳಕ್ಕೆ ಹೋಗಿ ಅಲ್ಲಿ ದೊಡ್ಡ ಕೆಲಸ ಮಾಡಿತು. ನಮಗೆ ಕ್ಲಾಸಿನಲ್ಲಿ ಇದನ್ನು ಪಾಠ ಮಾಡಿದಾಗ ನಾನು ಅರ್ಧ ನಿದ್ದೆಯಲ್ಲಿದ್ದೆ. ಇಪ್ಪತ್ತು ವರ್ಷದ ಮೇಲೆ ಕ್ಯಾಡೋ ದಡದಲ್ಲಿ ಬೋರ್ಡ್ ಓದುವಾಗ ಹುಳುವಿನ ಲ್ಯಾಟಿನ್ ಹೆಸರು ನೋಡಿ ಎಚ್ಚರ ಆಯಿತು.

ಒಂದು ವಿನಂತಿ. ಕನೂ, ಕಯಾಕ್ ಸ್ವಂತದ್ದಾದರೆ ಹೊರಡುವ ಮುಂಚೆ ನೀರು ಪೂರ್ತಿ ಬಸಿದು, ತೊಳೆದು, ಒಣಗಿಸಿ. ಹುಟ್ಟಿಗೆ ಅಂಟಿದ ಒಂದು ಎಲೆ ಸಾಕು, ಮುಂದಿನ ಕೆರೆ ಹಾಳಾಗಲು.

ಸಾಗರದ ದೋಣಿ
ಸಾರ್, ಈಗ ಸ್ವಂತ ಕಯಾಕ್ ಇದೆ, ಹೋಗಿ ನೋಡಿದೆ. ಒಣಗಿದ ಎಲೆ ಎರಡು ಇದ್ದವು. ತೆಗೆದೆ.

ಅರಸೀಕೆರೆ ತೆಂಗು
(ನವೆಂಬರ್)
ಹೋಗಿ ಬಂದೆವು. ಎಲ್ಲರೂ ಕೇಳಿದ್ದಿರಿ, ಬರೆಯುತ್ತೇನೆ.

ಪ್ಲೇನೋದಿಂದ ಮಾರ್ಷಲ್ ದಾಟಿ ಮೂರು ಗಂಟೆ ಚಿಲ್ಲರೆ. ನಾನು ಕುಕ್ಕರ್ ಬೇಡ ಅಂದದ್ದಕ್ಕೆ ಅಮ್ಮ ಡಲ್ಲಾಸ್ ದಾಟುವವರೆಗೆ ಮಾತಾಡಲಿಲ್ಲ. ಕ್ಯಾಬಿನ್ ನೋಡಿದ ಮೇಲೆ ಸಮಾಧಾನ. ರಾತ್ರಿ ನಾನು, ಮಗ ಟೆಂಟಿನಲ್ಲಿ ಮಲಗಿದೆವು. ಎರಡು ಗಂಟೆಗೆ ಮೇಜಿನ ಮೇಲೆ ಏನೋ ಸರಸರ ಸದ್ದು. ಮಲ್ಲಿಗೆ ಅಕ್ಕನ ಮಾತು ಕೇಳಿ ಎಲ್ಲಾ ಗಾಡಿಯೊಳಗೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಮಗನ ಒಂದು ಕಾಲುಚೀಲ ಇರಲಿಲ್ಲ. ಅದೇಕೆ ಬೇಕಿತ್ತೋ ಅದಕ್ಕೆ.

ಬೆಳಿಗ್ಗೆ ಏಳಕ್ಕೆ ಸಾ ಮಿಲ್ ಪಾಂಡ್. ನೀರಿನ ಮೇಲೆ ಮಂಜು ನಿಂತಿತ್ತು. ಅಪ್ಪ ಬರಲ್ಲ ಅಂತ ದಡದಲ್ಲೇ ಸ್ವೆಟರ್ ಹಾಕಿಕೊಂಡು ನಿಂತಿದ್ದರು. ಹತ್ತು ನಿಮಿಷ ನಮ್ಮನ್ನು ನೋಡಿ "ಆ ಕಡೆ ತೂಕ ಹಾಕಬೇಡ, ವಾಲುತ್ತೆ" ಅಂತ ಹೇಳುತ್ತಾ ಹೇಳುತ್ತಾ ಕೊನೆಗೆ ತಾವೇ ಲೈಫ್ ಜಾಕೆಟ್ ಕೇಳಿದರು. ಕನೂ ಮಧ್ಯೆ ಕೂತು ಒಂದು ಸೈಪ್ರಸ್ ಮಂಡಿಯನ್ನು ಹಿಡಿದುಕೊಂಡರು, ಬಸ್ಸಿನ ಕಂಬಿ ಹಿಡಿದ ಹಾಗೆ. ಮೇಲಿನಿಂದ ಇಳಿಬಿದ್ದ ಆ ಗಡ್ಡವನ್ನು ಮುಟ್ಟಿ ನೋಡಿದರು. ಸ್ಪ್ಯಾನಿಷ್ ಮಾಸ್ ಅಂತ ಹೆಸರು, ಆದರೆ ಅದು ಪಾಚಿಯಲ್ಲ, ಅನಾನಸ್ ಕುಟುಂಬದ ಗಿಡವಂತೆ. ರೇಂಜರ್ ಹೇಳಿದ್ದನ್ನು ನಾನು ಅನುವಾದಿಸಿದೆ. ಅಮ್ಮ ದಡದಿಂದ ಕೂಗಿದರು: "ಎಷ್ಟು ಮಂಡಿ ಇವೆ ನೋಡು ಆ ಮರಕ್ಕೆ. ಒಂದೂ ನೋಯಲ್ವಲ್ಲ!"

ಮಧ್ಯಾಹ್ನ ಅನ್‌ಸರ್ಟನ್‌ನಿಂದ ದೊಡ್ಡ ಬೋಟು. ಕೆರೆ ಸುಮಾರು 26 ಸಾವಿರ ಎಕರೆ ಅಂದಾಗ ಅಪ್ಪ ತಲೆದೂಗಿದರು. ಆಳ ಎಷ್ಟು ಅಂತ ಕೇಳಿಸಿದರು. ಜಾಸ್ತಿ ಕಡೆ ಎಂಟು-ಹತ್ತು ಅಡಿ ಅಂದರು ಬೋಟಿನವರು. ಅಪ್ಪ ನನ್ನ ಕಿವಿಯಲ್ಲಿ: "ಹೂಳು ತೆಗೆಸಬೇಕು." ಮೇಷ್ಟ್ರು ಹೇಳಿದ ಹಾಗೇ ಭೂಕಂಪದ ಕತೆಯೂ ಬಂತು. ಅಪ್ಪನಿಗೆ ಇಂಗ್ಲಿಷ್ ಪೂರ್ತಿ ಹಿಡಿಯದಿದ್ದರೂ ಅದು ಹಿಡಿಯಿತು. ದಿಮ್ಮಿ, ನದಿ, ಏರಿ ಅಂತ ಕೈಯಲ್ಲೇ ಅಡ್ಡ ಕಟ್ಟಿ ತೋರಿಸಿ ಅವರನ್ನು ತಿದ್ದಿದರು. ಆತ ನಕ್ಕು "ನಿಮ್ಮ ತಂದೆ ಸರಿ, ಆದರೆ ನನ್ನದು ಕೇಳಲು ಚೆನ್ನಾಗಿದೆ" ಅಂದ.

ಮಂಗಳವಾರ ವಾಪಸ್ ಹೊರಡಬೇಕು. ಅಪ್ಪ ಗಾಡಿ ಹತ್ತಲಿಲ್ಲ. "ಏರಿ ನೋಡದೆ ಹೋಗೋದಾ?" ಅಂದರು. ಡಲ್ಲಾಸ್ ಪಶ್ಚಿಮಕ್ಕೆ, ನಾವು ಪೂರ್ವಕ್ಕೆ ಹೊರಟೆವು, ಮುಕ್ಕಾಲು ಗಂಟೆ. ಮೂರಿಂಗ್ಸ್‌ಪೋರ್ಟ್‌ನಲ್ಲಿ ನೋಡಿದರೆ ದೊಡ್ಡ ಅಣೆಕಟ್ಟು ಅಂತ ಏನೂ ಇಲ್ಲ. ತಗ್ಗಾದ, ಉದ್ದನೆಯ ಗೋಡೆ. ಗೇಟಿಲ್ಲ. ಕೆರೆ ತುಂಬಿದರೆ ನೀರು ತಾನೇ ಮೇಲಿಂದ ಹರಿದು ಹೋಗುತ್ತದೆ. ನಾನು ನಿರಾಸೆ ಆಯಿತೇನೋ ಅಂತ ಅಪ್ಪನ ಮುಖ ನೋಡಿದೆ. ಅವರು ಚಪ್ಪಲಿ ಬಿಟ್ಟು ನಿಂತಿದ್ದರು. ಊರಲ್ಲಿ ಕೆರೆ ಕೋಡಿ ಬಿದ್ದಾಗ ಬಾಗಿನ ಕೊಡಲು ಹೋದವರು ನಿಲ್ಲುವ ಹಾಗೆ.

"ಕೋಡಿನೇ ಇದು. ತೂಬು ಇಲ್ಲ ಅಷ್ಟೇ," ಅಂದರು. ಆಮೇಲೆ ಫೋನ್ ತೆಗೆದು ತಮ್ಮ ಇಲಾಖೆಯ ಹಳೇ ಗೆಳೆಯರಿಗೆ ವೀಡಿಯೋ ಕಾಲ್ ಮಾಡಿದರು. ಅಲ್ಲಿ ಮಧ್ಯರಾತ್ರಿ ಹತ್ತಿರ ಆಗಿತ್ತು. ಆದರೂ ಇಬ್ಬರು ಎತ್ತಿದರು.

ಮದ್ದೂರು ವಡೆ
ಆ ಕ್ಯಾಬಿನ್ ನಂಬರ್ ಎಷ್ಟು? ಸುಮ್ನೆ ಕೇಳ್ತಿದ್ದೀನಿ. ನಮ್ಮಪ್ಪ ಏಪ್ರಿಲ್‌ಗೆ ಬರ್ತಾರೆ.